ಬರಿ ಎಲುವು

‘ತಾಲೂಕಾ’ ಮೇಲೆ ಒಂದು ಕೋಟು ಬಿಳಿ ಬಳಿದು
ಅದು ಆರಲೆಂದು ಅಪ್ಪ ಬೀಡಿ ಹಚ್ಚಿದ.
ಯಾದಗಿರಿಗೆ ಅಪರೂಪದ ಮೆತ್ತನೆ ಬಿಸಿಲು,
ಕೋಟೆಯ ಬಂಡೆಗಳೂ ಹಿತವಾಗಿ ಕಾದಿದ್ದವು.
ಅಕ್ಷರಕ್ಕೆ ಹನ್ನೆರಡು ರೂಪಾಯಿ.
ಒತ್ತಿಗೆ ದುಡ್ಡಿಲ್ಲ ಅಂದಿದ್ದ ಗುತ್ತಿಗೆದಾರ,
ಅದು ಅಕ್ಷರದ ಕೆಳಗೇ ಬರ್ತದಲ್ಲ, ಜಾಗ ಎಲ್ಲಿ ತಿಂತದ?

ಎದುರು ಚಹಾದಂಗಡಿಯ ಬೆಂಚಿನಲ್ಲಿ ಗೌಸುದ್ದೀನ್ ಮಾಸ್ತರರು,
ಉರ್ದು ಸಾಲಿಯಿಂದ ನಿವೃತ್ತರಾದವರು,
ಬಸಿಗೆ ಸುರಿದ ಚಹಾ ಊದುತ್ತ ಕೇಳಿದರು:
“ಏನ್ ಅಳಿಸಿದಿ ಗೊತ್ತದೇನು, ಸಾಬಣ್ಣ?
ತಾಲೂಕ ಅಂದ್ರ ಅರಬ್ಬಿಯೊಳಗ ತಅಲ್ಲುಕ್.
ಸಂಬಂಧ. ಒಂದಕ್ಕೊಂದು ಜೋತು ಬೀಳೋದು.
ಇಷ್ಟು ದಿನ ನಾವು ಕಲಬುರಗಿಗಿ ಜೋತು ಬಿದ್ದಿದ್ವಿ.”

ಅಪ್ಪ ನಕ್ಕು, ಸಂಬಂಧ ಅಳಿಸಿದ ಬೆರಳನ್ನು
ಸೀಮೆಎಣ್ಣೆ ಬಟ್ಟೆಗೆ ಒರೆಸಿಕೊಂಡ.

“ಮತ್ತ ಜಿಲ್ಲಾ ಅಂದ್ರ?”
ಮಾಸ್ತರರು ಶೇರವಾನಿಯೊಳಗೆ ಕೈ ಹಾಕಿ
ತಮ್ಮದೇ ಪಕ್ಕೆ ಮುಟ್ಟಿಕೊಂಡರು.
“ಇದು. ಬರಿ ಎಲುವು.”
“ಬರೇ ಎಲುವೇನ್ರಿ? ಮಾಂಸ ಎಲ್ಲಿ ಹೋಯ್ತು?”
ಬೆಂಚಿಗೆ ಬೆಂಚೇ ನಕ್ಕಿತು, ಮಾಸ್ತರರೊಬ್ಬರನ್ನು ಬಿಟ್ಟು.
“ಸೊಟ್ಟ ಎಲುವು ಅದು, ತಮ್ಮಾ.
ನೆಟ್ಟಗ ಮಾಡ್ಲಿಕ್ಕ ಹೋದ್ರ ಮುರೀತದ ಅಂತಾರ ಹಿರೇರು.”

ಕೆಳಗೆ ಏಣಿ ಹಿಡಿದವಳು ನಾನು.
ನಾಲ್ಕನೇ ಇಯತ್ತೆ, ಆವತ್ತು ಸಾಲಿ ತಪ್ಪಿಸಿದ್ದೆ.
ಅಪ್ಪ ‘ಜಿ’ ಬರೆದ. ‘ಲಾ’ ಬರೆದ. ಒತ್ತಿಗೆಂದು ಕುಂಚ ಅದ್ದಿದ.
ನಾನು ನನ್ನ ಎಲುಬು ಎಣಿಸುತ್ತಿದ್ದೆ ಫ್ರಾಕಿನ ಮೇಲಿಂದ,
ಒಂದು ಕೈಯಲ್ಲಿ,
ಆಮೇಲೆ ಎರಡೂ ಕೈಯಲ್ಲಿ.

ಹೊಸ ಜಿಲ್ಲೆಯ ದವಾಖಾನೆಯಲ್ಲಿ ಎಕ್ಸ್‌ರೇ ಮಷೀನು ಕೆಟ್ಟಿತ್ತು.
ಪ್ಯಾಸೆಂಜರ್ ಗಾಡಿಯಲ್ಲಿ ಒಂದೇ ಮಗ್ಗುಲಾಗಿ ಮಲಗಿ
ಅಪ್ಪ ಅದೇ ಕಲಬುರಗಿಗೆ ಹೋದ.
ವಾಡಿಯಲ್ಲಿ ಗಾಡಿ ನಿಂತೇ ನಿಂತಿತು.
“ನಂದೂ ಒಂದ್ ಜಿಲ್ಲಾ ಮುರದದ ನೋಡು” ಅಂತ ಅವ್ವನಿಗೆ ಅಂದು
ನಗಲು ಹೋದ; ನಗೆ ಒಳಗೇ ಚುಚ್ಚಿತು.
ಡಾಕ್ಟರು ಕರಿ ಹಾಳೆಯನ್ನು ಬೆಳಕಿಗೆ ಹಿಡಿದರು:
ಏಳನೇ ಗೆರೆಯಲ್ಲಿ ಕುಂಚ ಎತ್ತಿದ ಹಾಗೆ ಒಂದು ಬಿಳುಪಿನ ಬಿರುಕು.
“ಇದಕ್ಕ ಪಟ್ಟಿ ಕಟ್ಟೂದಿಲ್ಲ. ಉಸರಾಡ್ಕೋತ ಇರ್ರಿ,
ತಾನೇ ಕೂಡ್ತದ.”

ಹನ್ನೊಂದು ದಿನ ಬೋರ್ಡಿನ ಮೇಲೆ ‘ಜಿಲಾ’ ಅಷ್ಟೇ ಇತ್ತು.
ಅರ್ಜಿ ಹಿಡಿದವರು ಅದರ ಕೆಳಗೇ ಸಾಲು ನಿಂತರು.
ನೋಡಲು ಬಂದ ಮಾಸ್ತರರು ಮಂಚದಂಚಿಗೆ ಕೂತು ಅಂದರು,
“ಹಂಗೇ ಬಿಡು ಸಾಬಣ್ಣ. ಮೂಲದೊಳಗ ಒಂದೇ ಲ ಇರೋದು.”
ಅಪ್ಪ ಬಿಡಲಿಲ್ಲ. ಎಲುವು ಪೂರಾ ಕೂಡುವ ಮೊದಲೇ ಹೋಗಿ
ದುಡ್ಡಿಲ್ಲದ ಒತ್ತು ಎಳೆದು ಬಂದ.
ಏಣಿ ಯಾರು ಹಿಡಿದರೋ, ನನ್ನನ್ನು ಕರೆಯಲಿಲ್ಲ.

ಏಣಿ ಜಾರಿತು, ಅಂತಲೇ ಹೇಳಿದ ಎಲ್ಲರಿಗೂ,
ಸಾಯುವ ತನಕ, ನಾನು ಕೇಳದಾಗಲೂ.

ಈಗ ಎಲ್ಲೇ ಅರ್ಜಿ ತುಂಬಲಿ,
ಹೆಸರು, ಊರು, ತಾಲೂಕು ದಾಟಿ
ಆ ಖಾಲಿ ಗೆರೆ ಬಂತೆಂದರೆ
ಬಲಗೈ ಬರೆಯುತ್ತಿರುತ್ತದೆ.
ಎಡಗೈ ಮೇಜಿನ ಅಂಚು ಹಿಡಿದಿರುತ್ತದೆ, ಬಿಗಿಯಾಗಿ.