ಪಾವತಿ

ಸ್ವಾರಗೇಟಿನ ಹಿಂದ, ಝೆರಾಕ್ಸಿನ ಓಣ್ಯಾಗ
ದಿನಾ ಹತ್ತು ಹದಿನೈದು ಮನಿ ಎಬ್ಬಸ್ತೀನಿ.
ಇಟ್ಟಂಗಿ ಇಲ್ಲ, ಸಿಮೆಂಟ್ ಇಲ್ಲ,
ಭಾಡಗಿ ಕರಾರು ಟೈಪ್ ಮಾಡಾಕಿ ನಾ.
ಒಂದು ಹಾಲು, ಒಂದು ಖೋಲಿ, ಅಡಗಿಮನಿ,
ಫ್ಯಾನು ಎರಡು, ಟ್ಯೂಬಲೈಟು ಮೂರು,
ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ.
ಅವಧಿ: ಹನ್ನೊಂದು ತಿಂಗಳು.

ಹನ್ನೆರಡು ಯಾಕಿಲ್ಲ ಅಂತ ಕೇಳಿದವರಿಗೆ
ಒಬ್ಬೊಬ್ಬರಿಗೆ ಒಂದೊಂದು ಹೇಳೀನಿ.
ಗರ್ಭಕ್ಕ ಒಂಬತ್ತು, ಮನಿಗೆ ಹನ್ನೊಂದು,
ಅಷ್ಟ ಗೊತ್ತು ನನಗ.

ಕೆಂಪು ಗಾಜಿನ ಮ್ಯಾಲ ಹೆಬ್ಬಟ್ಟು ಇಡಸ್ತೀನಿ.
ಭಾಂಡಿ ತಿಕ್ಕಿದ ಬೆರಳು ಮಷೀನಿಗೆ ಕಾಣಂಗಿಲ್ಲ.
ತಲಿಗೂದಲಿಗೆ ಒರಸ್ರಿ, ಅಂತೀನಿ,
ಒಂಚೂರು ಎಣ್ಣಿ ಹತ್ತಿದ ಕೂಡ್ಲೆ
ಸರಕಾರಕ್ಕ ಗುರುತು ಸಿಗ್ತದ.

ನನ್ನ ಮನಿ ಧನಕವಡಿಯೊಳಗ, ಮೂರನೇ ಮಜಲಿ.
ದಿವಾಳಿಗೆ ಹೊಕ್ಕಿದ್ದು.
ಹನ್ನೊಂದರ ಲೆಕ್ಕ ನೋಡ್ರಿ, ಹಿಂದಕ್ಕ ಹಿಂದಕ್ಕ ಸರೀತದ:
ಮುಂದಿನ ಕರಾರು ದಸರಿಗೆ, ಅದರ ಮುಂದಿಂದು ಗಣಪತಿಗೆ,
ಆಮ್ಯಾಲ ಪಂಚಮಿಗೆ, ಪಾಲಖಿ ಬರೋ ಆಷಾಢಕ್ಕ.
ಹಬ್ಬ ಯಾವುದರೆ ಇರಲಿ,
ಕೀಲಿಗೊಂಚಲ ತಿರುವಿಕೋತ ಭಾಲೇರಾವ ಬರತಾನ,
ಒಂದು ತಿಂಗಳ ಭಾಡಗಿ ದಲಾಲಿ ತಗೊಂಡು ಹೋಗತಾನ.
ಮಾಲಕ ಅವನೇ, ಗೋಡಿ ಅವೇ,
ಸೋರೋ ನಳಾನೂ ಅದೇ.
ಇದೇ ಮನ್ಯಾಗ ಕುಂತು
ಇದೇ ಮನಿ ಹುಡುಕಿ ಕೊಟ್ಟ ಕೂಲಿ
ನಾಕು ಸಲ ಕೊಟ್ಟೀನಿ.

ಸುಳ್ಳಾಡಬಾರದು. ಆವತ್ತು
ಒಂಟಿ ಹೆಣ್ಣಮಗಳಿಗೆ ಕೊಡಂಗಿಲ್ಲ ಅಂದಿದ್ದವು ಏಳು ಬಾಗಲಾ.
ಎಂಟನೇದಕ್ಕ ಅಂವ
ನನ್ನ ತಂಗೀರಿ, ಅಕ್ಕಲಕೋಟಿಂದ ಬಂದಾಳ, ಅಂದ.
ಆ ಮಾತಿನ ರೊಕ್ಕಾ ಆವತ್ತೇ ಎಣಿಸಿ ಕೊಟ್ಟೀನಿ.
ವರ್ಷಾ ವರ್ಷಾ ತಂಗಿ ಕಡಿಂದ ದಲಾಲಿ ಒಯ್ಯೋ ಅಣ್ಣ
ಯಾವ ಊರಾಗ ಅದಾನು?

ಈ ಸಲ, ಸಾಲಿ ಸುರುವಾಗೋ ಹೊತ್ತಿಗೆ
ಕಾಯ್ದೆ ಬದಲಾತು. ಅಂಗಡಿ ಇನಾಮದಾರ
ಹೊಸಾ ಮಸುದೆ ಮೇಜಿನ ಮ್ಯಾಲ ಒಗದ:
ಹದಿನಾಕನೇ ಕಲಮು ಹೊಡದು ಹಾಕು.
'ದಲಾಲಿಯನ್ನು ಭಾಡಗಿದಾರನೇ ಕೊಡತಕ್ಕದ್ದು' ತೆಗದು
'ಏಜಂಟನನ್ನು ಕರೆದವರೇ ಕೊಡತಕ್ಕದ್ದು' ಬರದೆ.
ಮಂದಿದು ನಲವತ್ತು ಸಲ ಬರದೆ.
ನಲವತ್ತೊಂದನೇದು ನಂದು.

ಭಾಲೇರಾವ ಬಂದ. ದಲಾಲಿ ಅನ್ನೋ ಮಾತು
ಬಾಯಾಗಿಂದ ಬರಲೇ ಇಲ್ಲ.
ಪೊಲೀಸ್ ಠಾಣಾಕ್ಕ ಓಡ್ಯಾಡಿದ್ದು, ಸೊಸಾಯಿಟಿ ಫಾರ್ಮು,
ಕೀಲಿ ಜೋಪಾನದ್ದು, ಫೈಲಿನ ಖರ್ಚು,
ಹಿಂಗ ಸಣ್ಣ ಸಣ್ಣ ಚೀಟಿ ಓದಿದ.
ಬೆರಳ ಮ್ಯಾಲ ಕೂಡಿಸಿದೆ:
ಹದಿಮೂರು ಸಾವಿರದ ಐನೂರು.
ನನ್ನ ಒಂದು ತಿಂಗಳ ಭಾಡಗಿ, ಪೈ ಹೆಚ್ಚಿಲ್ಲ, ಕಡಿಮಿಲ್ಲ.
ಹಳೇ ದಲಾಲಿ ಜಳಕಾ ಮಾಡಿ
ಹೊಸ ಅಂಗಿ ಹಾಕ್ಕೊಂಡು ಬಂದಿತ್ತು.

ಜಗಳಾಡಲಿಲ್ಲ. ಚಾ ಇಟ್ಟೆ.
ಕೊಡ್ತೀನ್ರಿ, ಪಾವತಿ ಬರದು ಕೊಡ್ರಿ, ಅಂದೆ.
ನಕ್ಕ. ನಾ ನಗಲಿಲ್ಲ.
ತಾಯಿ, ನಮ್ಮ ಹೊಟ್ಟಿದೂ ನೋಡಬೇಕಲ್ಲಾ, ಅಂದ.
ಮೂರು ಮಜಲಿ ಹತ್ತಿದ ದಮ್ಮು ಇನ್ನೂ ಆರಿದ್ದಿಲ್ಲ ಅವನಿಗೆ,
ಚಪ್ಪಲಿ ಅಂಗಠಾ ತಂತಿಲೆ ಬಿಗದಿತ್ತು.
ನೋಡೀನಿ. ನೋಡಿನೂ ಪೆನ್ನು ಮುಂದಿಟ್ಟೆ.

ಮಹಾನಂದಾ, ಅಂತ ಬರದ. ನಿಂತ.
ಅಡ್ಡಹೆಸರೇನ್ರಿ ನಿಮ್ಮದು, ಅಂತ ಕೇಳಿದ.
ಐದು ವರ್ಷ ಆಗಲಿಕ್ಕೆ ಬಂತು.
ಬಿರಾಜದಾರ, ಅಂದೆ.
ಅದನ್ನೂ ಬರದ. ರೂಪಾಯಿನೂ ಬರದ.
'ಬಾಬತ್ತು' ಅನ್ನೋ ಸಾಲಿಗೆ ಬಂದು ಪೆನ್ನು
ನೊಣದಂಗ ಅಲ್ಲೇ ಕುಂತಿತು.
ಚಾ ಆರಿತು.
ಸೋಮವಾರ ಬರ್ತೀನಿ, ಅಂದು ಎದ್ದ.

ಇವತ್ತ ಗುರುವಾರ.
ಒಂಬತ್ತನೇ ತಾರೀಖಿಗೆ ಕರಾರು ಮುಗೀತದ.
ಮಾಲಕನ ಫೋನಿಲ್ಲ.
ರಾತ್ರಿ ನಿದ್ದಿ ಬರದಿದ್ರ
ಯಾವ ಡಬ್ಬಿ ಯಾವ ಚೀಲದಾಗ ಅಂತ ಎಣಿಸ್ತೀನಿ.
ಅರ್ಧಾ ಬರದ ಪಾವತಿ ಮಾತ್ರ ಜೋಪಾನ ಇಟ್ಟೀನಿ,
ಮೊಳೆ ಹೊಡೆಯತಕ್ಕದ್ದಲ್ಲ ನೋಡ್ರಿ,
ಅದಕ್ಕ ಫ್ರಿಜ್ಜಿನ ಬಾಗಲಾಕ್ಕ ಅಯಸ್ಕಾಂತದಿಂದ.