ಏಳು ಕಿಲೊ

ತಿಕೋಟಾದ ನಮ್ಮ ಮಣೂಕದ ಶೆಡ್ಡಿನಾಗ
ನಾಲ್ಕು ಕಿಲೊ ದ್ರಾಕ್ಷಿ ಒಣಗಿ
ಒಂದು ಕಿಲೊ ಆಗತೈತಿ.
ಉಳಿದ ಮೂರು ಎಲ್ಲಿ ಹೋತು ಅಂತ
ಯಾರೂ ಕೇಳೂದಿಲ್ಲ.
ಗಾಳಿ ಒಯ್ತು, ಬಿಸಲು ಕುಡೀತು, ಮುಗೀತು.

ನಾ ಮಾತ್ರ ಎಂಟು ದಿನದಿಂದ
ಅದ ಕಾಟಾದ ಮ್ಯಾಲ ಒಂದೊಂದ ಸಾಮಾನ ಇಟ್ಟು
ಕೆಂಪು ಅಂಕಿ ನೋಡಕೋತ ಕುಂತೀನಿ.

ಐದು ತಿಂಗಳು. ಅಲ್ಮಾಟಿಗೆ ಇಳದು
ಸಮರಕಂದ ದಾಟಿ, ಮುಂದ ತಿಬಿಲಿಸಿ ತನಕ,
ಸೈಕಲ್ ಮ್ಯಾಲ.
ನಲವತ್ತೆಂಟು ವರ್ಷದ ಹೆಣ್ಣಮಗಳು ಅಂತ
ಓಣಿ ಮಂದಿ ಬಾಯಿ ಬಿಟ್ಟು ಅನ್ನೂದಿಲ್ಲ,
ಹಲ್ಲಾಗ ಇಟಗೊಂಡು ನಗತಾರ.
ನಗಲಿ. ನಗಿಗೆ ತೂಕ ಇಲ್ಲ.

ಲಾಡ್ಲೆಸಾಬ ಹೇಳ್ಯಾನ: ಏಳು ಕಿಲೊ, ಅಕ್ಕಾ.
ಅದರ ಮ್ಯಾಲ ಒಂದ ಗ್ರಾಮ ಬ್ಯಾಡ.
ಇಲ್ಲಿ ಒಂದು ಕಿಲೊ ಅಂದ್ರ
ಘಾಟಿನಾಗ ಒಂದು ಎಮ್ಮಿ.
ಮೂವತ್ತು ವರ್ಷದ ಹಿಂದ ವಿಜಾಪುರದ ರೇಸಿಗೆ
ನನ್ನ ಸೈಕಲ್ಲಿನ ಮಡಗಾರ್ಡು, ಸ್ಟ್ಯಾಂಡು, ಘಂಟಿ
ಬಿಚ್ಚಿ ಇಟಗೊಂಡಾಂವ ಅವನ.
ಇನ್ನೂ ತಿರುಗಿ ಕೊಟ್ಟಿಲ್ಲ.

ಹಲ್ಲಿನ ಬ್ರಶ್ಶಿನ ಹಿಡಿಕಿ ಮುರದೆ, ಎಂಟು ಗ್ರಾಮ ಇಳೀತು.
ಟಾವೆಲ್ ಅರ್ಧಕ್ಕ ಹರದೆ.
ಕನ್ನಡಕ ಬೇಕು, ಅದರ ಡಬ್ಬಿ ಬ್ಯಾಡ.
ಪಂಚರ್ ಸಾಮಾನು, ಎರಡು ಟ್ಯೂಬು:
ಇವಕ್ಕ ಚೌಕಾಶಿ ಇಲ್ಲ.
ಬಿಪಿ ಗುಳಿಗಿ ನೂರಾ ಐವತ್ತು,
ಗುಳಿಗಿಗಿಂತ ಅದರ ಬೆಳ್ಳಿ ಹಾಳಿನ ಭಾರ.
ಕಾಲುಂಗರದ ತೂಕ
ಹನ್ನೊಂದು ವರ್ಷದ ಹಿಂದನ ಇಳದೈತಿ,
ಅದನ್ನ ಕಾಟಾದ ಮ್ಯಾಲ ಇಡೂ ಪಾಳಿ ಬರಲಿಲ್ಲ.

ದುಂಡವ್ವತ್ತಿ ಹನ್ನೆರಡು ಖಡಕ್ ರೊಟ್ಟಿ ತಂದಳು.
ಒಡೀತಾವ ಅತ್ತಿ, ಅಂದೆ.
ಒಡಿಯೂದಂತೂ ಐತಿ, ಅಂದಳು,
ರಸ್ತೆ ಒಡಿಯೂದಕ್ಕಿಂತ ನಾವ ಒಡಿಯೂದು ಚಲೋ.
ಶೇಂಗಾ ಚಟ್ನಿ ಹಾಕಿ ಅಂಗೈಲೆ ತಿಕ್ಕಿ ತಿಕ್ಕಿ
ಚೀಲಕ್ಕ ತುಂಬಿದಳು.
ಬುಟ್ಟಿ ತುಂಬ ಇದ್ದ ರೊಟ್ಟಿ
ಬೊಗಸಿ ಜಾಗದಾಗ ಕುಂತ್ವು,
ಮದಿವಿ ಟ್ರ್ಯಾಕ್ಟರಿನಾಗ ಬೀಗರು ಕುಂತಂಗ.

ಕೌದಿ ಮಾತ್ರ ಬಗೆಹರೀಲಿಲ್ಲ.
ಮೂರು ಕಿಲೊ ಇನ್ನೂರು.
ಮಡಚಿದೆ, ಸುತ್ತಿದೆ, ಮ್ಯಾಲ ಹತ್ತಿ ಕುಂತೆ,
ಅಂಕಿ ಅಲಗಾಡಲಿಲ್ಲ.
ಹೊಲದಾಕಿನ ಅದನ್ನ ಎತ್ತಿ
ಹೆಗಲಿಗೆ ಹಾಕ್ಕೊಂಡಳು.
ಅಲ್ಲಿ ಚಳಿ ಐತೇನ?
ಐತಿ.
ಮಂದಿ?
ಅದಾರ.
ಮತ್ತ ಕೌದಿನೂ ಇರತಾವ. ಕೇಳು.
ಕೇಳೂ ಬಾಯಿ ಮೊದಲಿನಿಂದ ನಿಂದು ಸಣ್ಣದು,
ಅದನ್ನಷ್ಟ ದೊಡ್ಡದು ಒಯ್ಯಿ.

ಕಡೀಕ ಕಾಟಾ ನಿಂತಿದ್ದು ಆರು ಕಿಲೊ ಒಂಬೈನೂರಕ್ಕ.
ಉಳದ ನೂರು ಗ್ರಾಮಿಗೆ
ಗುರುಬಸು ಅಣ್ಣ ಹಿಡಿ ಮಣೂಕ ತಂದ.
ಸಮರಕಂದದಾಗೂ ಮಾಡತಾರಂತ, ಅಂದೆ.
ನಮ್ಮಂಗ ಮಾಡೂದಿಲ್ಲ, ಅಂದು
ಮಾರಿ ಸಣ್ಣದು ಮಾಡಿದ.
ಇರಲಿ ಬಿಡು, ಖಾಲಿ ಇರಲಿ.
ಅಷ್ಟು ಜಾಗ ದಾರಿಗೆ.

ನಸಿಕಿನ್ಯಾಗ ನಾಲ್ಕಕ್ಕ, ತಿಕೋಟಾ ಬಸ್ ಸ್ಟ್ಯಾಂಡಿನಾಗ
ಚೀಲ ಎತ್ತಿದೆ.
ಇಪ್ಪತ್ತೆರಡು ವರ್ಷ ಮಣೂಕ ಆರಿಸಿದ ಕೈ ಇದು.
ಕಾಟಾ ಕೆಟ್ಟ ದಿನ
ಅಣ್ಣ ಇದನ್ನ ಕೇಳತಾನ.
ಕೈ ಅಂತು: ಏಳು.
ಬರೋಬ್ಬರಿ ಏಳು.

ತಿರುಗಿ ನೋಡಿದೆ.
ಅತ್ತಿ ದೊಡ್ಡದಾಗಿ ಆಕಳಿಸಿದಳು.
ಎಂದೂ ಬೋರ್ಡು ಓದದ ಅಣ್ಣ
ಬಸ್ಸಿನ ಬೋರ್ಡು ಅಕ್ಷರ ಕೂಡಿಸಿ ಓದಾಕ ಹತ್ತಿದ್ದ.
ಲಾಡ್ಲೆಸಾಬ ಟಾಪಿನ ಮ್ಯಾಲ
ಬಿಗಿದಿದ್ದ ಪೆಟ್ಟಿಗಿಗೆ ಮತ್ತ ಹಗ್ಗ ಬಿಗೀತಿದ್ದ.
ಮೂವರಾಗ ಒಬ್ಬರು ಕಳ್ಳರು.
ಚೀಲ ಬಿಚ್ಚಲಿಲ್ಲ ನಾ.
ಕಂಡಕ್ಟರ್ ಸೀಟಿ ಊದಿದ.

ತೊರವಿ ಹಂತ್ಯಾಕ ಬಸ್ಸು ಕುಣಿಯಾಗ ಇಳದು ಎದ್ದಾಗ
ತೊಡಿ ಮ್ಯಾಲಿನ ಚೀಲದಾಗ, ರೊಟ್ಟಿ ಪುಡಿಯ ಕೆಳಗೆಲ್ಲೊ,
ಒಂದ ಒಂದು ಸಲ
ಟ್ರಿಣ್ ಅಂತು.