ತಟ್ಟಿ ಕೇಳುವವರು

ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಇಳಿದಾಗ ಬೆಳಗಿನ ಗಾಳಿಗೆ
ಸಯನೈಡ್ ದಿಬ್ಬದ ಬೂದಿ ಮೇಲೆದ್ದಿತ್ತು.
ಕಾಲು ತಡೆಯಿತು: ಇಲ್ಲೂ ಹಿಮವೇ?
ನಾಲಿಗೆಗೆ ತಾಕಿತು. ಅಲ್ಲ, ನಮ್ಮದೇ ದೂಳು.

ಸಗಾಯಮೇರಿ ಅಕ್ಕ ನಲ್ಲಿಯ ಸಾಲಿನಿಂದಲೇ ಕೂಗಿದಳು:
"ಮೂರು ವಾರ ಏನು ತಿಂದೆಯೇ?"
ಸೀಲ್, ಅಂದೆ. ಹಸಿಯದು.
ನೆಲಕ್ಕೆ ರಟ್ಟು ಹಾಸಿ, ಸುತ್ತ ಎಲ್ಲ ಕೂತು,
ಅರ್ಧಚಂದ್ರದ ಕತ್ತಿಯಲ್ಲಿ ನೌಜಾ ಕೊಯ್ದು ಕೊಟ್ಟಳು.
ಮೊದಲು ಕಬ್ಬಿಣದ ರುಚಿ, ಆಮೇಲೆ ಕಿವಿಯವರೆಗೂ ಬಿಸಿ.
ಅಕ್ಕನ ಕೊಡ ತುಂಬಿ ಹರಿಯುತ್ತಲೇ ಇತ್ತು.

ಅಲ್ಲಿನ ಅಂಗಡಿ ಬೋರ್ಡಿನಲ್ಲಿ ತ್ರಿಕೋನ, ಕೊಕ್ಕೆ.
ಕೊಂಬು ಗುಡಿಸು ಇಲ್ಲದ ಕಾಗುಣಿತ;
ಸ್ವರ ಬದಲಾದರೆ ಅಕ್ಷರವೇ ಮಗ್ಗುಲು ತಿರುಗಿ ಮಲಗುತ್ತದೆ.
ನನ್ನ ಹೆಸರಿನ ಭ ಅವರಲ್ಲಿ ಇಲ್ಲ.
ಪುವನಾ ಎಂದು ಬರೆದುಕೊಟ್ಟರು,
ಸಗಾಯಮೇರಿ ಅಕ್ಕ ತಮಿಳಿನಲ್ಲಿ ಬರೆಯುವ ಹಾಗೆಯೇ.

ಅಪ್ಪನಿಗೆ ಮಾತ್ರ ಬೇರೆಯದೇ ಹೇಳಬೇಕಿತ್ತು.

ಅಪ್ಪಾ, ಅಲ್ಲಿ ಜೊಆನಸಿ ಅಂತ ಒಬ್ಬ ಮುದುಕ,
ನಿನಗಿಂತ ಕುಳ್ಳ, ನಿನ್ನಷ್ಟೇ ಮಾತು ಕಮ್ಮಿ.
ಗಣಿಯ ನಡುಕ ಅಳೆಯುವ ನನ್ನ ಪೆಟ್ಟಿಗೆಗಳನ್ನು
ಜಾರುಬಂಡಿಗೆ ಬಿಗಿದು ಹೆಪ್ಪುಗಟ್ಟಿದ ಕಡಲ ಮೇಲೆ ಹೊರಟೆವು.
ಒಂದು ಕಡೆ ಬಂಡಿ ನಿಲ್ಲಿಸಿ ಇಳಿದ.
ಕೈಯಲ್ಲಿ ಸರಳು.
ಒಂದು ಹೆಜ್ಜೆ, ಒಂದು ಏಟು, ಕಿವಿ ಓರೆ.
ಒಂದು ಹೆಜ್ಜೆ, ಒಂದು ಏಟು.
ಟಣ್ ಅಂದರೆ ಬಾ ಎಂದು ಕೈಸನ್ನೆ.
ದೊಬ್ ಅಂದರೆ ಬಳಸಿ ನಡೆ.

ನನಗೆ ಚಳಿಯೇ ಮರೆತುಹೋಯಿತು.
ಇಪ್ಪತ್ತೆಂಟು ವರ್ಷ ನೀನು ಮಾಡಿದ್ದೂ ಇದನ್ನೇ ಅಲ್ಲವಾ,
ಎಂಬತ್ತನೇ ಲೆವೆಲ್ಲಿನ ಬೇಯುವ ಕತ್ತಲಲ್ಲಿ
ನೆತ್ತಿಯ ಮೇಲಿನ ಬಂಡೆಗೆ ಸರಳು ತಟ್ಟಿ:
ಟಣ್ ಅಂದರೆ ಕೆಲಸ, ದೊಬ್ ಅಂದರೆ ಓಟ.

ನೌಜಾ ಕೈಲಿ ಇದನ್ನೆಲ್ಲ ಅವನಿಗೆ ಹೇಳಿಸಿದೆ.
ಮಾತಾಡಲಿಲ್ಲ, ಹುಬ್ಬೇರಿಸಿದ.
ನಂಬಲಿಲ್ಲವೇನೋ ಅಂದುಕೊಂಡೆ.
ರಾತ್ರಿ ಟೀ ಕುಡಿಯುವಾಗ ನೌಜಾ ನಕ್ಕಳು:
ನಮ್ಮಲ್ಲಿ ಹುಬ್ಬೇರಿಸಿದರೆ ಹೌದು,
ಮೂಗು ಸುಕ್ಕಿಸಿದರೆ ಇಲ್ಲ.

ಅಪ್ಪ ಕೇಳಿಸಿಕೊಂಡ. ಕೆಮ್ಮು ಮುಗಿಯುವವರೆಗೂ ಕಾದೆ.
"ಅವನ ಸರಳು ಎಷ್ಟುದ್ದ?"
ಭುಜದವರೆಗೆ ಕೈ ಎತ್ತಿ ತೋರಿಸಿದೆ.
"ತುದಿ ಕಬ್ಬಿಣದ್ದಾ?"
ಹುಬ್ಬೇರಿಸಿದೆ.
"ಬಾಯಿ ಬಿಟ್ಟು ಹೇಳೇ," ಅಂದ, ರೇಗಿ.

ಆಮೇಲೆ ಊರುಗೋಲು ತಗೊಂಡು
ಲೈನ್ ಮನೆಯ ಸಿಮೆಂಟು ನೆಲಕ್ಕೆ ಒಂದು ಏಟು,
ಹೊಸ್ತಿಲ ಹತ್ತಿರ ಇನ್ನೊಂದು,
ಮಂಚದ ಅಡಿಗೆ ಬಗ್ಗಿ ಮತ್ತೊಂದು.
ಕಿವಿ ಓರೆ.
ನಾನೂ, ಬಾಗಿಲಲ್ಲಿ ಕೊಡ ಹಿಡಿದ ಅಕ್ಕನೂ
ಉಸಿರು ಬಿಗಿಹಿಡಿದೆವು.

"ಕೆಳಗೆಲ್ಲ ನೀರು ಕಣೇ," ಅಂದ ಅಪ್ಪ.